ವಿವಾಲ್ಡಿಯ ‘ವಸಂತ’ವನ್ನು ಪಿಟೀಲಿನಲ್ಲಿ ನುಡಿಸುವುದು ಹೇಗೆ: ಹಂತ ಹಂತವಾದ ಸಮಗ್ರ ಮಾರ್ಗದರ್ಶಿ

ಇಟಲಿಯ ಸಂಗೀತ ರಚನಾಕಾರ ವಿವಾಲ್ಡಿಯ ‘ವಸಂತ’ ಕನ್ಸರ್ಟೊವನ್ನು, ಅಂದರೆ ಒಂಟಿ ಪಿಟೀಲು ಮತ್ತು ವಾದ್ಯವೃಂದಕ್ಕೆ ಬರೆದ ಕೃತಿಯನ್ನು, ಕಲಿಯಲು ಹೊರಟವರ ದೂರು ಬಹುತೇಕ ಒಂದೇ ಬಗೆಯದು. ಮೊದಲ 13 ಬಾರ್‌ಗಳು (ಸ್ವರಲಿಪಿಯಲ್ಲಿ ನೇರ ಗೆರೆಗಳ ನಡುವಿನ, ತಾಳದ ಆವರ್ತದಂಥ ತುಂಡುಗಳು) ಹತ್ತು ದಿನಗಳಲ್ಲಿ ಕೈಗೆ ಬರುತ್ತವೆ. 14ನೆಯ ಬಾರ್‌ನಲ್ಲಿ, ಪಿಟೀಲುಗಳು ಅನುಕರಿಸುವ ಹಕ್ಕಿಗಳು ಕೂಗಲಾರಂಭಿಸಿದೊಡನೆ ಲಯ ತಪ್ಪುತ್ತದೆ. ಆಗ ಕಲಿಯುವವರು ಮತ್ತೆ ಮೊದಲಿಗೆ ಹೋಗುತ್ತಾರೆ, ಮತ್ತೆ ಅದೇ ಜಾಗದಲ್ಲಿ ಎಡವುತ್ತಾರೆ. ಮೂರು ತಿಂಗಳಾದ ಮೇಲೆ ನೋಡಿದರೆ ಆ 13 ಬಾರ್‌ಗಳು ಥಳಥಳಿಸುತ್ತಿರುತ್ತವೆ, ಉಳಿದ ಕೃತಿ ಮಾತ್ರ ಮೊದಲ ದಿನ ಇದ್ದಂತೆಯೇ ಇರುತ್ತದೆ.

ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಬಾರ್‌ಗಳನ್ನು ಅಚ್ಚಾದ ಕ್ರಮದಲ್ಲೇ ಕಲಿಯುವುದು. ಈ ಸಂಗೀತವನ್ನು ಕಟ್ಟಿರುವ ರೀತಿಯೇ ಬೇರೆ, ಆದ್ದರಿಂದ ಅದನ್ನು ಕಲಿಯುವ ಕ್ರಮವೂ ಬೇರೆಯಾಗಿರಬೇಕು. ಎರಡನೆಯದು, ಇದರ ಜೀವ ಎಡಗೈಯಲ್ಲಿದೆ ಎಂಬ ನಂಬಿಕೆ. ಕರ್ನಾಟಕ ಸಂಗೀತದಲ್ಲಿ ಪಳಗಿದವರಿಗೆ ಈ ನಂಬಿಕೆ ಸಹಜ, ಏಕೆಂದರೆ ಅಲ್ಲಿ ರಾಗದ ಚಹರೆಯನ್ನು ಬಿಡಿಸುವುದು ಗಮಕ, ಗಮಕ ಹುಟ್ಟುವುದು ಎಡಗೈಯಲ್ಲಿ. ಬರೋಕ್ ಕನ್ಸರ್ಟೊದಲ್ಲಿ, ಅಂದರೆ ವಿವಾಲ್ಡಿಯ ಕಾಲದ ಈ ಬಗೆಯ ಕೃತಿಯಲ್ಲಿ, ಮಾತನಾಡುವುದು ಕಮಾನು. ಎಡಗೈ ಸ್ವರದ ಜಾಗವನ್ನು ಸರಿಯಾಗಿ ತೋರಿಸಿದರೆ ಅದರ ಕೆಲಸದ ಬಹುಪಾಲು ಮುಗಿಯಿತು.

ಈ ಮಾರ್ಗದರ್ಶಿಯನ್ನು ಬರೆದಿರುವುದು ಕನಿಷ್ಠ ಎರಡು ಮೂರು ವರ್ಷ ಪಿಟೀಲು ಕಲಿತವರಿಗೆ, ಅದರಲ್ಲೂ ವರ್ಣಗಳವರೆಗೆ ಬಂದು, ಐದು ಗೆರೆಗಳ ಲಿಪಿಯನ್ನು ನಿಧಾನವಾಗಿಯಾದರೂ ಓದಬಲ್ಲವರಿಗೆ. ಕೃತಿಯ ಮೂರು ಚಲನೆಗಳಲ್ಲಿ, ಅಂದರೆ ಮೂರು ಬಿಡಿ ಭಾಗಗಳಲ್ಲಿ, ಮೊದಲ ಚಲನೆಯೇ ಎಲ್ಲರನ್ನೂ ಸೋಲಿಸುವುದರಿಂದ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

## ಹಂತ 1: ಸಾಮಗ್ರಿ ಹೊಂದಿಸಿಕೊಳ್ಳುವುದು

ಸ್ಕೋರ್, ಅಂದರೆ ಅಚ್ಚಾದ ಸ್ವರಲಿಪಿ. ನಿಮಗೆ ಬೇಕಾದದ್ದು 1725ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾದ ಓಪಸ್ 8 ಎಂಬ ಸಂಪುಟದ ಮೊದಲನೆಯ ಕನ್ಸರ್ಟೊ. ವಿವಾಲ್ಡಿಯ ಕೃತಿಗಳ ಸೂಚಿಗಳಲ್ಲಿ ಅದರ ಸಂಖ್ಯೆ ಆರ್‌ವಿ 269. ಹಕ್ಕುಸ್ವಾಮ್ಯದ ಅವಧಿ ಮುಗಿದಿರುವುದರಿಂದ ಐಎಂಎಸ್‌ಎಲ್‌ಪಿ ಎಂಬ ಸ್ವರಲಿಪಿಗಳ ಜಾಲತಾಣದಲ್ಲಿ ಉಚಿತವಾಗಿಯೇ ಸಿಗುತ್ತದೆ. ಇಳಿಸಿಕೊಂಡ ಕೂಡಲೇ ಸಾಲಿನ ಆರಂಭದಲ್ಲಿರುವ ಶಾರ್ಪ್ ಗುರುತುಗಳನ್ನು ಎಣಿಸಿ. ನಾಲ್ಕು ಇದ್ದರೆ ಅದು ಮೂಲದ ಇ ಮೇಜರ್, ಅಂದರೆ ಇ ಸ್ವರವನ್ನು ಷಡ್ಜವಾಗಿ ಹಿಡಿದ ಸ್ವರಶ್ರೇಣಿ. ಒಂದೋ ಎರಡೋ ಇದ್ದರೆ ಅದು ಮಕ್ಕಳಿಗಾಗಿ ಜಿ ಅಥವಾ ಡಿ ಮೇಜರ್‌ಗೆ ಇಳಿಸಿದ ಸರಳ ರೂಪ. ಅದರಲ್ಲಿ ಕಲಿತ ಬೆರಳುಗಳನ್ನು ಆಮೇಲೆ ಪೂರ್ತಿಯಾಗಿ ಮರೆಯಬೇಕಾಗುತ್ತದೆ. ನಿಮ್ಮ ಸಾಲಿನ ಜೊತೆಗೆ ಎಲ್ಲ ವಾದ್ಯಗಳೂ ಇರುವ ಪೂರ್ಣ ಸ್ಕೋರ್ ಕೂಡ ಕೈಯಲ್ಲಿರಲಿ, ಹಂತ 2 ಅದಿಲ್ಲದೆ ಸಾಗುವುದಿಲ್ಲ.

ಪಿಟೀಲು ಮತ್ತು ತಂತಿಗಳು. ಜಿ, ಡಿ, ಎ, ಇ ಶ್ರುತಿಗೆ ಕಟ್ಟಿದ ಪಿಟೀಲು ಬೇಕು. ಸ-ಪ-ಸ-ಪ ಶ್ರುತಿಯಲ್ಲಿರುವ ವಾದ್ಯವನ್ನೇ ಬಳಸುವುದಾದರೆ ಹಳೆಯ ತಂತಿಗಳನ್ನು ಏರಿಸಲು ಹೋಗಬೇಡಿ. ಗಾಯಕರ ಶ್ರುತಿಗೆ ಇಳಿಸಿ ತಿಂಗಳುಗಟ್ಟಲೆ ನುಡಿಸಿದ ತಂತಿಯನ್ನು ಇ ತನಕ ಬಿಗಿದರೆ ಅದು ಕಡಿಯುತ್ತದೆ, ಕಡಿಯದಿದ್ದರೆ ಕೀರಲು ಸದ್ದು ಮಾಡುತ್ತದೆ. ಹೊಸ ತಂತಿಗಳನ್ನು ಹಾಕಿ, ದಿನಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಿ, ಪ್ರತಿ ಬಾರಿಯೂ ತಂತಿಗಳನ್ನು ಎತ್ತಿ ಹಿಡಿಯುವ ಕುದುರೆ ನೆಟ್ಟಗಿದೆಯೇ ಎಂದು ನೋಡಿ. ಬಿಗಿಯುವಾಗ ಕುದುರೆಯ ಮೇಲ್ತುದಿ ಬಿರಡೆಗಳ ಕಡೆಗೆ ವಾಲುವುದುಂಟು, ಗಮನಿಸದೆ ಬಿಟ್ಟರೆ ಬಿದ್ದೇ ಹೋಗುತ್ತದೆ. ಪ್ರತಿದಿನ ಎರಡೂ ಶ್ರುತಿಗಳ ನಡುವೆ ಓಡಾಡಬೇಕಾದವರು ಎರಡನೆಯ ಪಿಟೀಲೊಂದನ್ನು ಇಟ್ಟುಕೊಳ್ಳುವುದೇ ಮೇಲು.

ಹಿಡಿಯುವ ರೀತಿ. ನೆಲದ ಮೇಲೆ ಕುಳಿತು ಪಿಟೀಲಿನ ತಲೆಯನ್ನು ಪಾದದ ಮೇಲಿಟ್ಟು ನುಡಿಸುವ ಭಂಗಿಯಲ್ಲಿ ಈ ಕೃತಿಯನ್ನು ನುಡಿಸಲಾಗದು ಎಂದು ನಾನು ಹೇಳುವುದಿಲ್ಲ. ಆದರೆ ತಂತಿಯಿಂದ ತಂತಿಗೆ ವೇಗವಾಗಿ ಜಿಗಿಯುವ ಜಾಗಗಳಲ್ಲಿ ಬಲ ಮೊಣಕೈಗೆ ಬೇಕಾದಷ್ಟು ಓಡಾಟ ಅಲ್ಲಿ ಸಿಗುವುದಿಲ್ಲ. ನಿಂತು, ಭುಜದ ಮೇಲೆ ಹಿಡಿದು ಅಭ್ಯಾಸ ಮಾಡಿ. ಹೊಸ ಭಂಗಿಗೆ ಒಗ್ಗುವವರೆಗೆ ಒಮ್ಮೆಗೆ ಹದಿನೈದು ನಿಮಿಷ ಸಾಕು. ಕುತ್ತಿಗೆಯ ಎಡಭಾಗದಲ್ಲಿ ನೋವು ಅಥವಾ ಎಡಗೈ ಕಿರುಬೆರಳಿನಲ್ಲಿ ಜೋಮು ಕಾಣಿಸಿಕೊಂಡರೆ ತಕ್ಷಣ ನಿಲ್ಲಿಸಿ, ಭುಜದ ಪಟ್ಟಿಯ ಎತ್ತರವನ್ನು ಬದಲಿಸಿ.

ಉಳಿದವು. ಮೆಟ್ರೊನೋಮ್, ಮೊಬೈಲಿನಲ್ಲಿ ತಂಬೂರಿಯ ಆ್ಯಪ್, ಧ್ವನಿಮುದ್ರಣ ಮಾಡುವ ಸೌಲಭ್ಯ, ಪೆನ್ಸಿಲ್. ತಂಬೂರಿಯ ಆ್ಯಪ್ ಇಲ್ಲಿ ಏಕೆಂದು ಕೇಳಬೇಡಿ, ಹಂತ 3ರಲ್ಲಿ ಅದೇ ನಿಮ್ಮನ್ನು ಕಾಯುತ್ತದೆ.

ಒಂದು ಎಚ್ಚರಿಕೆ. ಹಳೆಯ ಕಾಲದ ವಾದ್ಯಗಳ ಮಾದರಿಯಲ್ಲಿ ನುಡಿಸುವ ತಂಡಗಳು ಅನೇಕ ಬಾರಿ ಎ ಸ್ವರವನ್ನು 440ರ ಬದಲು 415 ಹರ್ಟ್ಜ್‌ಗೆ ಇಟ್ಟುಕೊಳ್ಳುತ್ತವೆ, ಅಂದರೆ ಸರಿಸುಮಾರು ಅರ್ಧ ಸ್ವರ ಕೆಳಗೆ. ಅಂಥ ಮುದ್ರಿಕೆಯ ಜೊತೆ ನುಡಿಸಲು ಹೋಗಿ ನಾನು ಒಂದು ವಾರ ಪೂರ್ತಿ ನನ್ನ ಕಿವಿಯನ್ನೂ ಬಿರಡೆಗಳನ್ನೂ ಅನುಮಾನಿಸಿದ್ದೆ. ಕೇಳಲು ಯಾವ ಮುದ್ರಿಕೆಯಾದರೂ ಆಗಬಹುದು. ಜೊತೆಗೆ ನುಡಿಸಲು ಮಾತ್ರ 440ರದ್ದನ್ನೇ ಆರಿಸಿ.

## ಹಂತ 2: ಪಿಟೀಲು ಮುಟ್ಟುವ ಮೊದಲು ನಕ್ಷೆ ಗುರುತಿಸುವುದು

ಮೊದಲ ಚಲನೆಯಲ್ಲಿ ಎರಡು ಬಗೆಯ ಭಾಗಗಳಿವೆ. ಇಡೀ ವಾದ್ಯವೃಂದ ನುಡಿಸುವ, ಮತ್ತೆ ಮತ್ತೆ ಮರಳುವ ಭಾಗಕ್ಕೆ ರಿಟರ್ನೆಲೊ ಎಂದು ಹೆಸರು. ಅದರ ನಡುವೆ ಬರುವ ಭಾಗಗಳಲ್ಲಿ ಹಕ್ಕಿ, ತೊರೆ, ಗುಡುಗುಗಳ ಚಿತ್ರಗಳಿವೆ. ಪಲ್ಲವಿಯನ್ನು ನೆನೆಸಿಕೊಂಡರೆ ಅರ್ಧ ಅರ್ಥವಾಗುತ್ತದೆ. ಆದರೆ ಪಲ್ಲವಿ ಮರಳುವಾಗ ಅದೇ ಷಡ್ಜಕ್ಕೆ ಮರಳುತ್ತದೆ, ರಿಟರ್ನೆಲೊ ನಡುವಿನಲ್ಲಿ ಮೊಟಕಾಗಿ, ಬೇರೆ ಬೇರೆ ಷಡ್ಜಗಳ ಮೇಲೆ ಮರಳುತ್ತದೆ. ಕಲಿಯುವವರು ದಾರಿ ತಪ್ಪುವುದು ಈ ವ್ಯತ್ಯಾಸದಲ್ಲೇ.

ಪೂರ್ಣ ಸ್ಕೋರ್‌ನಲ್ಲಿ ಪೆನ್ಸಿಲಿನಿಂದ ಹೀಗೆ ಗುರುತಿಸಿ. 1ರಿಂದ 13 ಪೂರ್ಣ ರಿಟರ್ನೆಲೊ. 14ರಿಂದ 27 ಹಕ್ಕಿಗಳು. 28ರಿಂದ 30 ರಿಟರ್ನೆಲೊ, ಇ ಮೇಜರ್‌ನಲ್ಲೇ. 31ರಿಂದ ತೊರೆ. 41ರಿಂದ 43 ರಿಟರ್ನೆಲೊ, ಬಿ ಮೇಜರ್‌ನಲ್ಲಿ. 44ರಿಂದ ಗುಡುಗು ಮಿಂಚು. 56ರಿಂದ 58 ರಿಟರ್ನೆಲೊ, ಸಿ ಶಾರ್ಪ್ ಮೈನರ್‌ನಲ್ಲಿ. 59ರಿಂದ ಮತ್ತೆ ಹಕ್ಕಿಗಳು. 66ರ ಸುಮಾರಿಗೆ ರಿಟರ್ನೆಲೊದ ಬದಲಾದ ರೂಪ, 70ರಿಂದ ಒಂದು ಚಿಕ್ಕ ಒಂಟಿ ಭಾಗ, 76ರಿಂದ ಕೊನೆಯ ರಿಟರ್ನೆಲೊ. ಹೆಚ್ಚಿನ ನುಡಿಗಟ್ಟುಗಳು ಹಿಂದಿನ ಬಾರ್‌ನ ಕೊನೆಯಲ್ಲೇ ಎತ್ತಿಕೊಳ್ಳುವುದರಿಂದ ನಿಮ್ಮ ಗೆರೆ ಅರ್ಧ ಬಾರ್ ಹಿಂದೆ ಬಿದ್ದರೆ ಅದು ತಪ್ಪಲ್ಲ.

ಈಗ ಪಿಟೀಲಿಲ್ಲದೆ ಮೂರು ಬಾರಿ ಕೇಳಿ. ರಿಟರ್ನೆಲೊ ಮರಳಿದಾಗಲೆಲ್ಲ ಕೈ ಎತ್ತಿ. ಸಿ ಶಾರ್ಪ್ ಮೈನರ್‌ನಲ್ಲಿ ಮರಳಿದ್ದನ್ನು ಗುರುತಿಸಲಾಗದಿದ್ದರೆ ಮುಂದಿನ ಹಂತಕ್ಕೆ ಹೋಗಬೇಡಿ, ಇನ್ನೆರಡು ದಿನ ಕೇಳಿ. ಕಿವಿಗೆ ಸಿಗದ ತಿರುವು ಬೆರಳಿಗೆ ಸಿಗುವುದಿಲ್ಲ.

ಕಲಿಯುವ ಕ್ರಮವನ್ನೂ ಸ್ಕೋರ್‌ನ ತುದಿಯಲ್ಲಿ ಬರೆದಿಡಿ: ಮೊದಲು ಪೂರ್ಣ ರಿಟರ್ನೆಲೊ, ಆಮೇಲೆ ಅದು ಮರಳುವ ಎಲ್ಲ ರೂಪಗಳು, ಆಮೇಲೆ ತೊರೆ, ಗುಡುಗು, 70ರ ಒಂಟಿ ಭಾಗ. ಹಕ್ಕಿಗಳು ಎಲ್ಲಕ್ಕಿಂತ ಕೊನೆಗೆ.

## ಹಂತ 3: ಇ ಮೇಜರ್‌ಗೆ ಎಡಗೈಯನ್ನು ಸಿದ್ಧಪಡಿಸುವುದು

ಇ ಸ್ವರವನ್ನು ಷಡ್ಜವೆಂದು ಭಾವಿಸಿದರೆ ಇ ಮೇಜರ್‌ನ ಸ್ವರಸ್ಥಾನಗಳು ಶಂಕರಾಭರಣದವೇ. ತಂಬೂರಿಯ ಆ್ಯಪ್ ಅನ್ನು ಇ ಶ್ರುತಿಗೆ ಇಟ್ಟು, ಪಂಚಮದೊಂದಿಗೆ ನುಡಿಯಲು ಬಿಟ್ಟು, ಅದರ ಮೇಲೆ ಆರೋಹಣ ಅವರೋಹಣಗಳನ್ನು ನಿಧಾನವಾಗಿ ನುಡಿಸಿ.

ತೊಂದರೆ ಬರುವುದು ಬೆರಳಿನ ಜಾಗದಲ್ಲಿ. ಡಿ ತಂತಿಯ ಮೇಲೆ ಮೂರನೆಯ ಬೆರಳಿನಿಂದ ಜಿ ನುಡಿಸಿ, ಅದು ಖಾಲಿ ಜಿ ತಂತಿಯೊಂದಿಗೆ ಮೊಳಗುವುದನ್ನು ಕೇಳಿ ಸರಿಪಡಿಸಿಕೊಳ್ಳುವುದು ಪಿಟೀಲಿನವರ ಹಳೆಯ ಅಭ್ಯಾಸ. ಇ ಮೇಜರ್‌ನಲ್ಲಿ ಅಲ್ಲಿ ಬೇಕಾದದ್ದು ಜಿ ಶಾರ್ಪ್, ಎ ತಂತಿಯ ಮೇಲೆ ಬೇಕಾದದ್ದು ಡಿ ಶಾರ್ಪ್. ಈ ಎರಡಕ್ಕೂ ಮೊಳಗಿ ಉತ್ತರ ಕೊಡುವ ಖಾಲಿ ತಂತಿ ಇಲ್ಲ. ಆದ್ದರಿಂದ ಬೆರಳು ಮೆಲ್ಲಗೆ ಹಿಂದಕ್ಕೆ ಜಾರಿ ಸ್ವರ ತಗ್ಗುತ್ತದೆ, ಕೇಳುವವರಿಗೆ ಗೊತ್ತಾದರೂ ನುಡಿಸುವವರಿಗೆ ಗೊತ್ತಾಗುವುದಿಲ್ಲ.

ಪರಿಹಾರವೆಂದರೆ ಅರ್ಧ ಸ್ವರವನ್ನು ಯಾವಾಗಲೂ ಮೇಲಿನಿಂದ ಅಳೆಯುವುದು. ಡಿ ತಂತಿಯ ಮೇಲೆ ನಾಲ್ಕನೆಯ ಬೆರಳಿನಿಂದ ಎ ನುಡಿಸಿ, ಅದನ್ನು ಖಾಲಿ ಎ ತಂತಿಯೊಂದಿಗೆ ಹೊಂದಿಸಿ, ಆಮೇಲೆ ಮೂರನೆಯ ಬೆರಳನ್ನು ಅದಕ್ಕೆ ತಾಗುವಂತೆ ಇಡಿ. ಅದೇ ಜಿ ಶಾರ್ಪ್. ಎ ತಂತಿಯ ಮೇಲೆ ನಾಲ್ಕನೆಯ ಬೆರಳಿನ ಇ ಸ್ವರಕ್ಕೆ ತಾಗುವ ಮೂರನೆಯ ಬೆರಳೇ ಡಿ ಶಾರ್ಪ್. ಇ ತಂತಿಯ ಮೇಲೆ ಮೂರನೆಯ ಬೆರಳಿನ ಎ ಮೊಳಗುವವರೆಗೆ ಹುಡುಕಿ, ಎರಡನೆಯ ಬೆರಳನ್ನು ಅದಕ್ಕೆ ತಾಗಿಸಿ. ಅಲ್ಲಿ ಕೃತಿಯ ಮೊದಲ ಬಲವಾದ ಸ್ವರವಾದ ಜಿ ಶಾರ್ಪ್ ಸಿಗುತ್ತದೆ. ದಿನಕ್ಕೆ ಐದು ನಿಮಿಷದಂತೆ ಎರಡು ವಾರ ಇದನ್ನು ಮಾಡಿ.

ಗಮಕದ ವಿಷಯ. ಸ್ವರಸ್ಥಾನ ಶಂಕರಾಭರಣದ್ದಾದರೂ ಇದು ಶಂಕರಾಭರಣವಲ್ಲ. ಕೈಗೆ ರೂಢಿಯಾದವರಿಗೆ ಅತಿ ಹೆಚ್ಚು ಕಾಟ ಕೊಡುವುದು ಮಧ್ಯಮ. ‘ಪ ಮ ಗ’ ಎಂದು ಇಳಿಯುವಾಗ ಮಧ್ಯಮ ತಾನಾಗಿಯೇ ತೂಗುತ್ತದೆ, ಇಲ್ಲಿ ಅದು ಕಲ್ಲಿನಂತೆ ನಿಂತಿರಬೇಕು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರದೆ ಬೆರಳನ್ನು ಎತ್ತಿ ಇಡಬೇಕು. ನಿಮ್ಮ ನುಡಿಸಾಣಿಕೆಯನ್ನು ಮುದ್ರಿಸಿಕೊಂಡು ಅರ್ಧ ವೇಗದಲ್ಲಿ ಕೇಳಿದರೆ ಜಾರುವಿಕೆ ಸ್ಪಷ್ಟವಾಗಿ ಕಾಣುತ್ತದೆ. ಪಾಶ್ಚಾತ್ಯ ಶೈಲಿಯ ವೈಬ್ರಾಟೊವನ್ನು ಕಲಿತವರಿಗೂ ಇದೇ ಮಾತು: ಪ್ರತಿ ಸ್ವರವನ್ನೂ ಅಲುಗಿಸಬೇಡಿ, ನೀಳವಾದ ಸ್ವರಗಳಲ್ಲಿ ಒಂದೆರಡಕ್ಕೆ ಕೊಟ್ಟರೆ ಬೇಕಾದಷ್ಟಾಯಿತು.

## ಹಂತ 4: ಮೊದಲ 13 ಬಾರ್‌ಗಳು, ಅಂದರೆ ಕಮಾನಿನ ಪಾಠ

ಈ 13 ಬಾರ್‌ಗಳಲ್ಲಿರುವುದು ಎರಡೇ ನುಡಿಗಟ್ಟುಗಳು. ಮೊದಲನೆಯದು ಜೋರಾಗಿ ಬಂದು ಮೆಲ್ಲಗೆ ಮರುನುಡಿಯಾಗುತ್ತದೆ, ಎರಡನೆಯದೂ ಹಾಗೆಯೇ. ಪಿಟೀಲು ಹಿಡಿಯುವ ಮೊದಲು ಹಾಡಿ: ‘ಸ | ಗ ಗ ಗ ರಿಸ ಪಾ, ಪಮ | ಗ ಗ ಗ ರಿಸ ಪಾ’. ಆ ಮೊದಲ ‘ಸ’ ಸಮದ ಮೇಲೆ ಬೀಳುವುದಿಲ್ಲ, ಎಡುಪು ಅದಕ್ಕಿಂತ ಅರ್ಧ ಎಣಿಕೆ ಮೊದಲೇ ಇದೆ. ಕೈಯಲ್ಲಿ ನಾಲ್ಕು ಎಣಿಕೆಯ ತಾಳ ಹಾಕುತ್ತ, ‘ಗ’ ಸಮದ ಮೇಲೂ ‘ಪಾ’ ಮೂರನೆಯ ಎಣಿಕೆಯ ಮೇಲೂ ಬೀಳುವವರೆಗೆ ಹಾಡಿ.

ಕಮಾನಿನ ಮೊದಲ ನಿಯಮ: ಬಾರ್‌ನ ಮೊದಲ ಸ್ವರ ಡೌನ್ ಬೋ (ಕಮಾನನ್ನು ಹಿಡಿಯಿಂದ ತುದಿಯ ಕಡೆಗೆ ಎಳೆಯುವುದು) ಆಗಿರಬೇಕು. ಆದ್ದರಿಂದ ಆರಂಭದ ‘ಸ’ ಅಪ್ ಬೋ (ತುದಿಯಿಂದ ಹಿಡಿಯ ಕಡೆಗೆ). ‘ರಿಸ’ಗಳನ್ನು ಒಂದೇ ಕಮಾನಿನಲ್ಲಿ ಕೂಡಿಸಬೇಕೋ ಬಿಡಿಸಬೇಕೋ ಎಂಬಲ್ಲಿ ಒಂದೊಂದು ಮುದ್ರಣ ಒಂದೊಂದು ಹೇಳುತ್ತದೆ. ‘ರಿಸ’, ‘ಪಮ’ ಎರಡನ್ನೂ ಕೂಡಿಸಿದರೂ ಸರಿ, ಎರಡನ್ನೂ ಬಿಡಿಸಿದರೂ ಸರಿ, ಮುಂದಿನ ಬಾರ್‌ನ ‘ಗ’ ಡೌನ್ ಬೋದಲ್ಲೇ ಬರುತ್ತದೆ. ಒಂದು ಕಡೆ ಕೂಡಿಸಿ ಇನ್ನೊಂದು ಕಡೆ ಬಿಡಿಸಿದರೆ ಲೆಕ್ಕ ತಿರುಗಿ ಬೀಳುತ್ತದೆ. ಒಂದನ್ನು ಆರಿಸಿ ಪೆನ್ಸಿಲಿನಲ್ಲಿ ಬರೆದು, ಆಮೇಲೆ ಬದಲಿಸದಿರಿ.

ಎರಡನೆಯ ನಿಯಮ: ಮೂರು ‘ಗ’ಗಳು ಮೂರು ಸಮಾನ ಸ್ವರಗಳಲ್ಲ. ಮೊದಲನೆಯದಕ್ಕೆ ತೂಕ, ಎರಡನೆಯದು ಹಗುರ, ಮೂರನೆಯದಕ್ಕೆ ಪಂಚಮದತ್ತ ಕರೆದೊಯ್ಯುವ ಆತುರ. ಮೂರನ್ನೂ ಒಂದೇ ಬಲದಲ್ಲಿ ಎಳೆದರೆ ಗರಗಸದಂತೆ ಕೇಳಿಸುತ್ತದೆ, ನಮ್ಮ ಆಡುಮಾತಿನ ಅರ್ಥದಲ್ಲೇ ‘ಪಿಟೀಲು ಕುಯ್ದ’ ಹಾಗಾಗುತ್ತದೆ. ಪ್ರತಿ ಸ್ವರದ ಕೊನೆಯಲ್ಲಿ ಕಮಾನನ್ನು ತಂತಿಯಿಂದ ಎತ್ತದೆ, ಒತ್ತಡವನ್ನು ಮಾತ್ರ ಬಿಡಿ. ಸ್ವರಗಳ ನಡುವೆ ಕೂದಲೆಳೆಯಷ್ಟು ಬೆಳಕು ಕಾಣಬೇಕು.

ಪಂಚಮವನ್ನು, ಅಂದರೆ ಇ ತಂತಿಯ ಮೇಲಿನ ನಾಲ್ಕನೆಯ ಬೆರಳಿನ ಬಿ ಸ್ವರವನ್ನು, ಹೊಡೆದು ಬಿಟ್ಟ ಗಂಟೆಯ ನಾದದಂತೆ ಕರಗಲು ಬಿಡಿ. ಇಲ್ಲಿ ಆಗುವ ಸಾಮಾನ್ಯ ತಪ್ಪು ಸ್ವರದ ಕೊನೆಯವರೆಗೂ ಒತ್ತಿ ಹಿಡಿಯುವುದು. ಹಾಗೆ ಮಾಡಿದರೆ ಮುಂದಿನ ‘ಪಮ’ ಕೇಳಿಸುವುದೇ ಇಲ್ಲ.

ಮೂರನೆಯ ನಿಯಮ ಮರುನುಡಿಯದು. ಮೆಲ್ಲಗಿನ ಮರುನುಡಿ ಮೊದಲಿನದರ ಪ್ರತಿಧ್ವನಿ, ಸದ್ದು ನಿಧಾನವಾಗಿ ಇಳಿಯುತ್ತ ಹೋಗುವುದಲ್ಲ, ಒಮ್ಮೆಲೇ ಇಳಿಯುವುದು. ಕಮಾನಿನ ಉದ್ದವನ್ನು ಅರ್ಧಕ್ಕೆ ತಗ್ಗಿಸಿ, ತೂಕವನ್ನೂ ತಗ್ಗಿಸಿ, ಸ್ವರಗಳ ಆರಂಭದ ಸ್ಪಷ್ಟತೆಯನ್ನು ಮಾತ್ರ ಹಾಗೆಯೇ ಉಳಿಸಿಕೊಳ್ಳಿ. ಹತ್ತರಲ್ಲಿ ಎಂಟು ಜನ ಮೆಲ್ಲಗೆ ನುಡಿಸುವಾಗ ನಿಧಾನವೂ ಆಗುತ್ತಾರೆ. ಮೆಟ್ರೊನೋಮ್ ಹಾಕಿ ನಾಲ್ಕು ಬಾರ್ ಜೋರು, ನಾಲ್ಕು ಬಾರ್ ಮೆಲ್ಲಗೆ ಎಂದು ಸರಳೆ ವರಸೆಯನ್ನೇ ನುಡಿಸಿದರೆ ಈ ರೋಗ ಬೇಗ ವಾಸಿಯಾಗುತ್ತದೆ.

ವೇಗ: ಒಂದು ಎಣಿಕೆಗೆ ಒಂದು ಕ್ವಾರ್ಟರ್ ನೋಟ್‌ನಂತೆ, ನಿಮಿಷಕ್ಕೆ 60 ಎಣಿಕೆಗಳಿಂದ ಆರಂಭಿಸಿ. ಸತತವಾಗಿ ಮೂರು ಬಾರಿ ತಪ್ಪಿಲ್ಲದೆ ಬಂದರೆ ಮಾತ್ರ 4 ಏರಿಸಿ. ಮನೆಯಲ್ಲಿ ಒಬ್ಬರೇ ನುಡಿಸುವವರಿಗೆ 92ರಿಂದ 100ರ ನಡುವಿನ ವೇಗ ಬೇಕಾದಷ್ಟಾಯಿತು.

## ಹಂತ 5: ರಿಟರ್ನೆಲೊ ಮರಳುವ ಜಾಗಗಳು

ನಡುವೆ ಮರಳುವುದು ರಿಟರ್ನೆಲೊದ ಎರಡನೆಯ ನುಡಿಗಟ್ಟು. ಮೊದಲನೆಯದನ್ನೇ ಹೆಚ್ಚು ಉಜ್ಜಿ ಹೊಳಪಿಸಿದವರು ಇಲ್ಲಿ ಸಿಕ್ಕಿಬೀಳುತ್ತಾರೆ, ಏಕೆಂದರೆ ಕೃತಿಗೆ ಹೆಚ್ಚು ಬಾರಿ ಬೇಕಾಗುವುದು ಎರಡನೆಯದು.

28ರದ್ದನ್ನು ಹಾಗೆಯೇ ನುಡಿಸಬಹುದು. 41ರಲ್ಲಿ ಬಿ ಮೇಜರ್ ಬಂದಾಗ ಎ ಸ್ವರ ಎ ಶಾರ್ಪ್ ಆಗುತ್ತದೆ. ಇ ಅನ್ನೇ ಷಡ್ಜವೆಂದು ಹಿಡಿದುಕೊಂಡವರ ಕಿವಿಗೆ ಇದು ಶುದ್ಧ ಮಧ್ಯಮದ ಜಾಗದಲ್ಲಿ ಪ್ರತಿಮಧ್ಯಮ ಬಂದ ಹಾಗೆ. ತಂಬೂರಿಯನ್ನು ಬಿ ಶ್ರುತಿಗೆ ಬದಲಿಸಿ, ಹೊಸ ಷಡ್ಜದಿಂದ ಹಾಡಿ, ಆಮೇಲೆ ನುಡಿಸಿ. ಎ ಶಾರ್ಪ್ ಅನ್ನೂ ಮೇಲಿನ ಬಿ ಸ್ವರಕ್ಕೆ ತಾಗಿಸಿಯೇ ಅಳೆಯಬೇಕು.

56ರ ಸಿ ಶಾರ್ಪ್ ಮೈನರ್ ಇದಕ್ಕಿಂತ ಕಷ್ಟ, ಅದರ ಕಾರಣವೂ ಕುತೂಹಲಕರವಾಗಿದೆ. ಇಲ್ಲಿ ಬಿ ಸ್ವರ ಬಿ ಶಾರ್ಪ್ ಆಗುತ್ತದೆ, ಅಂದರೆ ಹಳೆಯ ಲೆಕ್ಕದಲ್ಲಿ ಪಂಚಮವೇ ಅರ್ಧ ಸ್ವರ ಮೇಲೇರುತ್ತದೆ. ಪಂಚಮವನ್ನು ಅಚಲ ಸ್ವರವೆಂದು ನಂಬಿ ಬೆಳೆದ ಕೈ ಇದಕ್ಕೆ ಒಪ್ಪುವುದಿಲ್ಲ, ಬೆರಳು ಮತ್ತೆ ಮತ್ತೆ ಹಳೆಯ ಜಾಗಕ್ಕೇ ಬೀಳುತ್ತದೆ. ಬೆರಳನ್ನು ಬೈದು ಪ್ರಯೋಜನವಿಲ್ಲ, ಷಡ್ಜವನ್ನು ಬದಲಿಸಬೇಕು. ತಂಬೂರಿಯನ್ನು ಸಿ ಶಾರ್ಪ್‌ಗೆ ತಂದು ಅದರ ಮೇಲೆ ಕೀರವಾಣಿಯ ಸ್ವರಗಳನ್ನು ಗಮಕವಿಲ್ಲದೆ ಹಾಡಿದರೆ, ಅದೇ ಬಿ ಶಾರ್ಪ್ ಕಾಕಲಿ ನಿಷಾದವಾಗಿ ತನ್ನ ಜಾಗದಲ್ಲಿ ಕೂರುತ್ತದೆ. ಎ ತಂತಿಯ ಮೇಲಾದರೆ ಒಂದನೆಯ ಬೆರಳು ಮೇಲೆ ಸರಿದು, ಸಿ ಶಾರ್ಪ್ ಮೇಲಿರುವ ಎರಡನೆಯ ಬೆರಳಿಗೆ ತಾಗಬೇಕು.

ಈ ಹಂತದಲ್ಲಿ ಇ ಶ್ರುತಿಯ ತಂಬೂರಿಯನ್ನು ಹಾಕಿಕೊಂಡೇ ಇಡೀ ಚಲನೆಯನ್ನು ನುಡಿಸಬೇಡಿ. ಒಂದೇ ಆಧಾರ ಶ್ರುತಿಯ ಮೇಲೆ ಈ ಸಂಗೀತ ನಿಲ್ಲುವುದಿಲ್ಲ, ಷಡ್ಜದಿಂದ ಹೊರಟು ಹೋಗಿ ಮರಳಿ ಬರುವುದೇ ಇದರ ಕಥೆ.

## ಹಂತ 6: ತೊರೆ, ಗುಡುಗು ಮತ್ತು 70ರ ಒಂಟಿ ಭಾಗ

ತೊರೆಯ ಭಾಗದಲ್ಲಿ ಹೆಚ್ಚಾಗಿ ಇರುವುದು ನೆರೆಯ ಎರಡು ಸ್ವರಗಳ ನಡುವೆ ತೂಗಾಡುವ, ಜೋಡಿಯಾಗಿ ಕೂಡಿಸಿದ ಚಿಕ್ಕ ಸ್ವರಗಳು. ಬೆರಳುಗಳಿಗೆ ಸುಲಭ, ತಾಳ್ಮೆಗೆ ಕಷ್ಟ. ಕಮಾನನ್ನು ಮೇಲರ್ಧದಲ್ಲಿ, ಕಡಿಮೆ ಉದ್ದದಲ್ಲಿ ಬಳಸಿ. ಇಲ್ಲಿ ಯಾರೂ ಮುಂದೆ ಬಂದು ಹಾಡುತ್ತಿಲ್ಲ, ಆದ್ದರಿಂದ ಭಾವ ತುಂಬಲು ಹೋಗುವುದು ವ್ಯರ್ಥ.

ಗುಡುಗಿನ ಭಾಗದಲ್ಲಿ ವಾದ್ಯವೃಂದ ಗುಡುಗುತ್ತದೆ, ಒಂಟಿ ಪಿಟೀಲು ಮೂರು ಮೂರು ಸ್ವರಗಳ ಗುಂಪುಗಳಲ್ಲಿ ತಂತಿಗಳ ಮೇಲೆ ಹಾರಾಡುತ್ತದೆ. ಸ್ಕೋರ್‌ನ ಜೊತೆಗಿರುವ ಇಟಾಲಿಯನ್ ಸುನೀತದಲ್ಲಿ ಗುಡುಗು, ಮಿಂಚು ಎರಡೂ ಇವೆ. ಒಂಟಿ ಪಿಟೀಲನ್ನು ಮಿಂಚೆಂದು ತಿಳಿದುಕೊಂಡರೆ ಕೈ ಹಗುರಾಗುತ್ತದೆ. ಗುಡುಗನ್ನೂ ತಾವೇ ಹೊರಲು ಹೋದವರ ಕಮಾನು ತಂತಿಗಳ ನಡುವೆ ಸಿಕ್ಕಿಕೊಳ್ಳುತ್ತದೆ.

ಅಭ್ಯಾಸದ ಕ್ರಮ ಹೀಗಿರಲಿ.

1. ಪ್ರತಿ ಗುಂಪಿನ ಸ್ವರಗಳಿಗೆ ಬೇಕಾದ ಬೆರಳುಗಳನ್ನೆಲ್ಲ ಒಮ್ಮೆಲೇ ತಂತಿಗಳ ಮೇಲೆ ಇಟ್ಟು, ಎರಡೆರಡು ತಂತಿಗಳನ್ನು ಜೊತೆಯಾಗಿ ನುಡಿಸಿ ಶ್ರುತಿ ನೋಡಿ.
2. ಕಮಾನಿಲ್ಲದೆ, ಒಂದು ಗುಂಪಿನಿಂದ ಇನ್ನೊಂದಕ್ಕೆ ಬೆರಳುಗಳು ಒಟ್ಟಿಗೆ ಬದಲಾಗುವುದನ್ನು ಅಭ್ಯಾಸ ಮಾಡಿ.
3. ಎಡಗೈ ಬಿಟ್ಟು, ಖಾಲಿ ತಂತಿಗಳ ಮೇಲೆ ಕಮಾನಿನ ಜಿಗಿತವನ್ನಷ್ಟೇ ನುಡಿಸಿ. ಬಹುಪಾಲು ತಪ್ಪುಗಳು ಇಲ್ಲೇ ಬಯಲಾಗುತ್ತವೆ.
4. ಎರಡನ್ನೂ ಕೂಡಿಸಿ, ಪ್ರತಿ ಮೂರರ ಗುಂಪಿನ ಮೊದಲ ಸ್ವರಕ್ಕೆ ಮಾತ್ರ ಚಿಕ್ಕ ಒತ್ತು ಕೊಟ್ಟು, ಗುರಿಯ ವೇಗದ ಅರ್ಧದಲ್ಲಿ ನುಡಿಸಿ.

ಬಲ ಭುಜ ಕಿವಿಯ ಕಡೆಗೆ ಏರುತ್ತಿದ್ದರೆ ಅದು ಎಚ್ಚರಿಕೆಯ ಗಂಟೆ. ತಂತಿ ಬದಲಿಸುವ ಕೆಲಸ ಮೊಣಕೈ ಮತ್ತು ಮಣಿಕಟ್ಟಿನದು. ಹೆಬ್ಬೆರಳ ಬುಡದಲ್ಲಿ ಉರಿ ಬಂದರೆ ಆ ದಿನಕ್ಕೆ ಈ ಭಾಗವನ್ನು ಮುಚ್ಚಿಡಿ.

70ರ ಒಂಟಿ ಭಾಗ ಚಿಕ್ಕದು. ಗುಡುಗು ಬಂದವರಿಗೆ ಅದೂ ಬರುತ್ತದೆ.

## ಹಂತ 7: ಹಕ್ಕಿಗಳು

ಹಕ್ಕಿಗಳ ಭಾಗ ಎಲ್ಲರನ್ನೂ ಬೀಳಿಸುವುದಕ್ಕೆ ಕಾರಣ ಅದರ ವೇಗವಲ್ಲ. ಅಲ್ಲಿ ಮೂರು ಪಿಟೀಲುಗಳು ಒಂದಕ್ಕೊಂದು ಕೂಗಿ ಉತ್ತರಿಸುತ್ತವೆ, ಕೆಳಗೆ ತಾಳ ಹಿಡಿದಿರುವ ಮಂದ್ರ ವಾದ್ಯಗಳು ಸುಮ್ಮನಿರುತ್ತವೆ. ನಿಮ್ಮ ಸಾಲನ್ನಷ್ಟೇ ನೋಡಿಕೊಂಡು ಕಲಿತರೆ ಅದು ಅಲ್ಲಲ್ಲಿ ಹರಿದ ಬಟ್ಟೆಯಂತೆ ಕಾಣುತ್ತದೆ, ವಿರಾಮಗಳನ್ನು ಮನಸ್ಸು ತಾನಾಗಿಯೇ ಕಿರಿದು ಮಾಡುತ್ತದೆ.

ಪೂರ್ಣ ಸ್ಕೋರ್ ತೆರೆದು, ಉಳಿದ ಎರಡು ಪಿಟೀಲುಗಳ ಸಾಲುಗಳನ್ನು ನೀವೇ 60ರ ವೇಗದಲ್ಲಿ ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ. ಆರಂಭದಲ್ಲಿ ಒಂದು ಬಾರ್ ಎಣಿಕೆಯನ್ನು ಗಟ್ಟಿಯಾಗಿ ಹೇಳಿ. ಮೊದಲ ಎರಡು ದಿನ ಆ ಮುದ್ರಿಕೆಗೆ ಪಿಟೀಲಿಲ್ಲದೆ ತಾಳ ಹಾಕುತ್ತ ನಿಮ್ಮ ಸಾಲನ್ನು ಬಾಯಲ್ಲಿ ಹೇಳಿ. ಮೂರನೆಯ ದಿನ ಟ್ರಿಲ್‌ಗಳನ್ನೂ (ನೆರೆಯ ಎರಡು ಸ್ವರಗಳನ್ನು ವೇಗವಾಗಿ ಅದಲುಬದಲಾಗಿ ನುಡಿಸುವುದು) ಅಲಂಕಾರಗಳನ್ನೂ ಬಿಟ್ಟು ಮುಖ್ಯ ಸ್ವರಗಳನ್ನಷ್ಟೇ ನುಡಿಸಿ. ಟ್ರಿಲ್ ಸೇರಿಸುವುದು ಲಯ ಅಲುಗಾಡದೆ ನಿಂತ ಮೇಲೆ.

ಟ್ರಿಲ್ ಕಂಪಿತವಲ್ಲ. ಅದರಲ್ಲಿ ಕೇಳಬೇಕಾದದ್ದು ಎರಡು ಬೇರೆ ಬೇರೆ ಸ್ವರಗಳು, ಅವುಗಳ ನಡುವಿನ ಜಾರುದಾರಿಯಲ್ಲ. ಕೆಳಗಿನ ಬೆರಳು ನೆಟ್ಟಂತೆ ಇರಲಿ, ಮೇಲಿನ ಬೆರಳು ಬುಡದ ಗೆಣ್ಣಿನಿಂದ ಹಗುರವಾಗಿ ಬೀಳಲಿ. ಬೆರಳನ್ನು ಎತ್ತರಕ್ಕೆ ಎತ್ತಿದಷ್ಟೂ ಟ್ರಿಲ್ ನಿಧಾನವಾಗುತ್ತದೆ. ನುಡಿಗಟ್ಟು ಮುಗಿಯುವ ಜಾಗದ ಟ್ರಿಲ್‌ಗಳನ್ನು ಮೇಲಿನ ಸ್ವರದಿಂದ, ಎಣಿಕೆಯ ಮೇಲೆಯೇ ಆರಂಭಿಸುವುದು ಈ ಕಾಲದ ಸಂಗೀತದಲ್ಲಿ ಸಾಮಾನ್ಯ ರೂಢಿ. ಹಕ್ಕಿಗಳ ಕೂಗಿನಲ್ಲಿ ಮಾತ್ರ ನಾನು ಇಷ್ಟು ಬಿಗಿಯಾಗಿರುವುದಿಲ್ಲ, ಹಕ್ಕಿ ವ್ಯಾಕರಣ ಓದಿ ಕೂಗುವುದಿಲ್ಲ.

ವಿರಾಮದಲ್ಲಿ ಕಮಾನು ಗಾಳಿಯಲ್ಲಿ ಅಲೆಯುತ್ತಿದೆಯೇ ಎಂದು ಕನ್ನಡಿಯಲ್ಲಿ ನೋಡಿ. ಹಾಗೆ ಅಲೆದರೆ ಮುಂದಿನ ಕೂಗು ತಡವಾಗುವುದು ಖಚಿತ. ಕಮಾನು ಮುಂದಿನ ಸ್ವರದ ತಂತಿಯ ಮೇಲೆ ಆಗಲೇ ಕುಳಿತಿರಬೇಕು.

59ರ ಹಕ್ಕಿಗಳಿಗೆ ಬರುವಾಗ ಸುತ್ತಲಿನ ಬಣ್ಣ ಸಿ ಶಾರ್ಪ್ ಮೈನರ್‌ನದ್ದು. ಮಳೆ ನಿಂತ ಮೇಲೆ ಹಕ್ಕಿಗಳು ಅಳುಕುತ್ತ ಬಾಯಿ ತೆರೆಯುವ ಹೊತ್ತು ಅದು. 14ರ ಹಾಗೆ ತುಂಬು ಧ್ವನಿಯಲ್ಲಿ ಆರಂಭಿಸಿದರೆ ಮೈನರ್‌ನ ತಿರುವು ಯಾರಿಗೂ ಕೇಳಿಸುವುದಿಲ್ಲ.

## ಹಂತ 8: ತುಂಡುಗಳನ್ನು ಹೊಲಿಯುವುದು

ಈಗಲೂ 1ರಿಂದ ಆರಂಭಿಸಬೇಡಿ. ಪ್ರತಿ ಗಡಿಯ ಎರಡು ಬಾರ್ ಮೊದಲು, ಎರಡು ಬಾರ್ ಆಮೇಲೆ, ಇಷ್ಟನ್ನೇ ನುಡಿಸಿ. 13ರಿಂದ 14, 27ರಿಂದ 28, 40ರಿಂದ 41, 55ರಿಂದ 56. ಜನ ನಿಲ್ಲುವುದು ಭಾಗಗಳ ಒಳಗಲ್ಲ, ಈ ಗಡಿಗಳಲ್ಲಿ. ಕೊನೆಯ ರಿಟರ್ನೆಲೊದಿಂದ ಹಿಂದಕ್ಕೆ ಹೊಲಿಯುತ್ತ ಬನ್ನಿ: ಮೊದಲು 76ರಿಂದ ಕೊನೆಯವರೆಗೆ, ಮರುದಿನ 66ರಿಂದ, ಅದರ ಮರುದಿನ 56ರಿಂದ. ಹೀಗೆ ಮಾಡಿದರೆ ಪ್ರತಿದಿನವೂ ಗೊತ್ತಿಲ್ಲದ ಜಾಗದಿಂದ ಗೊತ್ತಿರುವ ಜಾಗದ ಕಡೆಗೆ ನಡೆಯುತ್ತೀರಿ, ಕೈಯಲ್ಲಿ ಧೈರ್ಯ ಇರುತ್ತದೆ.

ವೇಗ ಒಂದೇ ಇರಲಿ. ರಿಟರ್ನೆಲೊವನ್ನು 96ಕ್ಕೆ ನುಡಿಸಿ ಹಕ್ಕಿಗಳನ್ನು 80ಕ್ಕೆ ಇಳಿಸುವವರು ಅಸಲಿಗೆ 80ರಲ್ಲಿದ್ದಾರೆ. ಇಡೀ ಚಲನೆಯನ್ನು 80ಕ್ಕೇ ನುಡಿಸಿ, ನಾಚಿಕೆಪಡಬೇಕಾದದ್ದೇನೂ ಇಲ್ಲ.

## ಹಂತ 9: ಲಾರ್ಗೊ

ಲಾರ್ಗೊ, ಅಂದರೆ ನಿಧಾನಗತಿಯ ಎರಡನೆಯ ಚಲನೆ, ಸಿ ಶಾರ್ಪ್ ಮೈನರ್‌ನಲ್ಲಿದೆ. ನಿಮ್ಮ ಪಿಟೀಲು ಮಲಗಿರುವ ಮೇಕೆ ಕಾಯುವವನು, ವೃಂದದ ಪಿಟೀಲುಗಳು ಎಲೆಗಳ ಮರ್ಮರ, ಪಿಟೀಲಿಗಿಂತ ತುಸು ದೊಡ್ಡ ವಾದ್ಯವಾದ ವಿಯೋಲ ಬೊಗಳುವ ನಾಯಿ. ಮಂದ್ರ ವಾದ್ಯಗಳು ಇಲ್ಲಿ ಇಲ್ಲವೇ ಇಲ್ಲ. ವಿಯೋಲದ ಸಾಲಿನಲ್ಲಿ ಯಾವಾಗಲೂ ತುಂಬ ಜೋರಾಗಿ, ಹರಿದಂತೆ ನುಡಿಸಬೇಕೆಂದು ವಿವಾಲ್ಡಿಯೇ ಬರೆದಿದ್ದಾನೆ, ಪಿಟೀಲುಗಳಿಗೆ ಆದಿಯಿಂದ ಅಂತ್ಯದವರೆಗೆ ಅತಿ ಮೆಲ್ಲಗೆ ಎಂದಿದ್ದಾನೆ. ವಿಯೋಲ ನುಡಿಸುವ ಗೆಳೆಯರು ಸಂಕೋಚಪಟ್ಟು ಮೆಲ್ಲಗೆ ಬೊಗಳಿದರೆ ಈ ಪುಟವನ್ನು ಅವರಿಗೆ ತೋರಿಸಿ.

ಸ್ವರಗಳು ಸುಲಭ, ಕಮಾನಿನ ಉಳಿತಾಯ ಕಷ್ಟ. ದಿನವೂ ಖಾಲಿ ಎ ತಂತಿಯ ಮೇಲೆ ಒಂದು ಕಮಾನಿಗೆ ಎಂಟು ಎಣಿಕೆ, ಆಮೇಲೆ ಹನ್ನೆರಡು ಎಣಿಕೆಯಂತೆ ಎಳೆಯಿರಿ. ಸದ್ದು ನಡುಗಿದರೆ ಕಮಾನನ್ನು ಕುದುರೆಯ ಕಡೆಗೆ ಒಂದಿಷ್ಟು ಸರಿಸಿ.

ನಿಧಾನ ಚಲನೆಗಳಲ್ಲಿ ಒಂಟಿ ವಾದಕರು ಸ್ವಂತ ಅಲಂಕಾರ ಸೇರಿಸುವುದು ಆ ಕಾಲದ ಪದ್ಧತಿಯೇ ಆಗಿತ್ತು, ಮನೋಧರ್ಮದಲ್ಲಿ ಬೆಳೆದವರಿಗೆ ಈ ಮಾತು ಕೇಳಿ ಖುಷಿಯಾಗುತ್ತದೆ. ಆದರೂ ಒಂದು ತಿಂಗಳು ಬರೆದದ್ದನ್ನಷ್ಟೇ ನುಡಿಸಿ. ಆಮೇಲೆ ದೂರದ ಎರಡು ಸ್ವರಗಳ ನಡುವೆ ಒಂದು ದಾಟುಸ್ವರ, ನುಡಿಗಟ್ಟಿನ ಕೊನೆಗೆ ಮೇಲಿನಿಂದ ಬಾಗುವ ಒಂದು ಸ್ವರ, ಇಷ್ಟರಿಂದ ಆರಂಭಿಸಿ. ಮಲಗಿರುವವನ ನಿದ್ದೆ ಕೆಡುವಷ್ಟು ಬೇಡ.

## ಹಂತ 10: ಗ್ರಾಮೀಣ ಕುಣಿತ

ಕೊನೆಯ ಚಲನೆ ಮತ್ತೆ ಇ ಮೇಜರ್‌ನಲ್ಲಿ, ನಾಲ್ಕು ಎಣಿಕೆ, ತಿಸ್ರ ನಡೆ. ಪಾಶ್ಚಾತ್ಯ ಲಿಪಿಯಲ್ಲಿ ಅದನ್ನು 12/8 ಎಂದು ಬರೆದಿರುತ್ತದೆ. ಕಾಗದದ ಮೇಲೆ ಹನ್ನೆರಡನ್ನು ನೋಡಿ ಹನ್ನೆರಡು ಎಣಿಸುವುದೇ ಇಲ್ಲಿನ ಮೊದಲ ತಪ್ಪು. ನಾಲ್ಕೇ ಹೆಜ್ಜೆ ಹಾಕಿ, ಪ್ರತಿ ಹೆಜ್ಜೆಯೊಳಗೆ ‘ತಕಿಟ’ ಹೇಳಿ.

ಮಂದ್ರ ವಾದ್ಯಗಳು ಚೀಲದ ವಾದ್ಯದ ಶ್ರುತಿಯಂತೆ ಸ್ವರವನ್ನು ಹಿಡಿದು ನಿಲ್ಲುತ್ತವೆ. ಈ ಕನ್ಸರ್ಟೊದಲ್ಲಿ ತಂಬೂರಿಯ ಆ್ಯಪ್ ಅನ್ನು ಹಾಕಿಕೊಂಡೇ ನುಡಿಸಬಹುದಾದ ಜಾಗ ಇದೊಂದೇ, ಅದೂ ಆ ಶ್ರುತಿ ನಿಂತಿರುವ ಭಾಗಗಳಲ್ಲಿ ಮಾತ್ರ. ದೀರ್ಘ ಹ್ರಸ್ವ ಜೋಡಿಗಳು ಬಂದಲ್ಲಿ ದೀರ್ಘಕ್ಕೆ ಕಮಾನು ಹೆಚ್ಚು, ಹ್ರಸ್ವಕ್ಕೆ ತೀರ ಕಡಿಮೆ. ಎರಡಕ್ಕೂ ಸಮನಾಗಿ ಕಮಾನು ಕೊಟ್ಟರೆ ಹ್ರಸ್ವ ಸ್ವರವೇ ಜೋರಾಗಿ ಕೇಳಿ, ಕುಣಿಯುವವನು ಕುಂಟುತ್ತಾನೆ. ಆಗ ವೇಗ ತಗ್ಗಿಸಿ ಪ್ರಯೋಜನವಿಲ್ಲ. ಹ್ರಸ್ವ ಸ್ವರದಲ್ಲಿ ಕಮಾನಿನ ತೂಕವನ್ನು ಪೂರ್ತಿ ಬಿಟ್ಟು, ಅದು ಮುಂದಿನ ದೀರ್ಘಕ್ಕೆ ಅಂಟಿಕೊಂಡಂತೆ ನುಡಿಸಿ, ಕಾಲಿನಿಂದ ನಾಲ್ಕು ಹೆಜ್ಜೆ ಹಾಕುತ್ತ ಎಂಟು ಬಾರ್‌ಗಳನ್ನು ಮತ್ತೆ ಮುದ್ರಿಸಿ ಕೇಳಿ.